ಅವಳು ಉಜ್ಜಿದ ಹನ್ನೆರಡು ಚೆಂಡುಗಳು

“ಇದೇನು ಚೆಂಡೋ, ಮೀನೋ? ಕೈಯಲ್ಲಿ ನಿಲ್ತಾನೇ ಇಲ್ಲ!”

ಥೇರಾನ್ ಚೆಂಡನ್ನು ಸಾಮಾನು ಕೋಣೆಯ ಮೇಜಿನ ಮೇಲೆ ಕುಕ್ಕಿದ. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೊಸದಾಗಿ ಬಂದ ಕ್ವಾರ್ಟರ್‌ಬ್ಯಾಕ್ ಅವನು. ಚೆಂಡು ಎಸೆಯುವವನು, ಇಡೀ ಆಟ ಅವನ ಒಂದು ಕೈಯ ಮೇಲೆ ನಿಂತಿರುತ್ತದೆ.

ಮೇಜಿನ ಆಚೆ ನಿಂತಿದ್ದ ಲೋರೀನ್ ಹೆದರಲಿಲ್ಲ. ತಂಡದ ಸಾಮಾನು ನೋಡಿಕೊಳ್ಳುವ ಹುಡುಗಿ. ಅವನದೇ ತರಗತಿ.

“ಹೊಸಾ ಚೆಂಡು ಜಾರದೆ ಇನ್ನೇನು ಮಾಡುತ್ತೆ? ಮೇಣ ಹೋಗೋ ತನಕ ಉಜ್ಜಬೇಕು. ಎಲ್ಲಿ, ಕೈ ತೋರ್ಸು.”

ಅವನ ತೋರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಟ್ರಕ್ಕಿನ ಬಾಗಿಲಿಗೆ ಸಿಕ್ಕಿ ಮುರಿದದ್ದು. ಅವಳು ಆ ಬೆರಳನ್ನು ಮೆಲ್ಲಗೆ ಹಿಡಿದು ನೋಡಿದಳು. ಅಷ್ಟೇ... ಅವನ ಸಿಟ್ಟೆಲ್ಲ ಇಳಿದೇಹೋಯಿತು!

ಅಂದಿನಿಂದ ನಾಲ್ಕು ವರ್ಷ ಅವನು ಎಸೆದ ಚೆಂಡೆಲ್ಲ ಅವಳು ಉಜ್ಜಿದ್ದೇ. ಒದ್ದೆ ಬಟ್ಟೆ, ಗಡಸು ಬ್ರಷ್, ಆಮೇಲೆ ಬರಿಯ ಅಂಗೈ. ಸೊಟ್ಟ ಬೆರಳು ಕೂರುವ ಕಡೆ ಮಾತ್ರ ಇನ್ನೂ ಸ್ವಲ್ಪ ಹೆಚ್ಚು. ಅಲ್ಲಿ ಚರ್ಮ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು.

ಮಿಸಿಸಿಪ್ಪಿಯ ಆ ಸಣ್ಣ ಕಾಲೇಜಿನಿಂದ ವೃತ್ತಿ ಆಟಕ್ಕೆ ಹೋದವರೇ ಇರಲಿಲ್ಲ. ಥೇರಾನ್ ಹೋಗುತ್ತಾನೆಂದು ಊರಿಗೆ ಊರೇ ನಂಬಿತ್ತು. ಕೊನೆಯ ವರ್ಷದ ಮಾರ್ಚ್‌ನಲ್ಲಿ ವೃತ್ತಿ ತಂಡಗಳವರು ಅವನ ಎಸೆತ ನೋಡಲು ಬರುತ್ತೇವೆಂದು ಹೇಳಿಕಳಿಸಿದರು.

ಆ ವಾರವೇ ಜಗಳವಾಯಿತು.

“ನನ್ನ ಆರಿಸಿದ್ರೆ ನೀನೂ ಬರ್ತಿದೀಯ. ಬಟ್ಟೆಬರೆ ಕಟ್ಟಿಟ್ಕೋ.”

“ಕೇಳ್ತಿದೀಯೋ, ಹೇಳ್ತಿದೀಯೋ? ನಾನೇನು ನಿನ್ನ ಸಾಮಾನಾ?”

“ಬೇಡ ಅಂದ್ರೆ ಬೇಡ ಬಿಡು!”

ಅವನು ತಾಯಿಯ ಮನೆಗೆ ಹೊರಟುಹೋದ. ಅವಳು ಹಿಂದೆ ಹೋಗಿ ಕರೆಯಲಿಲ್ಲ. ಆದರೆ ಅಂಗೈ ಸುಲಿಯುವ ತನಕ ಹನ್ನೆರಡು ಚೆಂಡು ಉಜ್ಜಿದಳು. ಎಸೆತದ ಪರೀಕ್ಷೆಯ ಹಿಂದಿನ ದಿನ ಸಂಜೆ ಆ ಚೆಂಡುಗಳ ಚೀಲವನ್ನು ಅವನ ತಾಯಿಯ ಮನೆ ಜಗುಲಿಯ ಮೇಲಿಟ್ಟು, ಬಾಗಿಲು ತಟ್ಟದೆ ಬಂದಳು. ಬಿಗುಮಾನ!

ಮರುದಿನ ಬಂದವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದಾಗ ಅವನ ಕೈಯಿಂದ ಚೆಂಡು ಜಾರಿತು. ಮತ್ತೆ ಜಾರಿತು. ಚೀಲ ಅವಳದೇ... ಒಳಗಿದ್ದವು ಮಾತ್ರ ಫಳಫಳ ಹೊಳೆಯುವ ಹೊಸ ಚೆಂಡುಗಳು! ನೋಡಲು ಬಂದವರು ಪುಸ್ತಕ ಮಡಚಿಕೊಂಡರು.

‘ನಾನು ಉಜ್ಜಿದ್ದನ್ನು ಮುಟ್ಟಲೂ ಇಲ್ಲವಲ್ಲ... ಅಷ್ಟು ಬೇಡವಾದೆನೇ?’ ಅಂಗಳದ ಅಂಚಿನಲ್ಲಿ ನಿಂತಿದ್ದ ಲೋರೀನಳ ಎದೆ ಒಡೆಯಿತು.

ಅವನು ಹತ್ತಿರ ಬಂದು ಹಲ್ಲು ಕಚ್ಚಿ ಕೇಳಿದ: “ಸಮಾಧಾನ ಆಯ್ತಾ ನಿಂಗೆ?”

“ನಂಗಾ? ನಿಂಗೆ ಆಗಿರ್ಬೇಕು!”

ಆಮೇಲೆ ಐದು ವಾರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಏಪ್ರಿಲ್ ಕೊನೆಗೆ ಡ್ರಾಫ್ಟ್ ಬಂತು. ವೃತ್ತಿ ತಂಡಗಳು ಒಂದೊಂದೇ ಹೆಸರು ಕರೆದು ಹುಡುಗರನ್ನು ಆರಿಸಿಕೊಳ್ಳುವ ಮೂರು ದಿನ. ಎರಡು ದಿನ ಅವನ ಹೆಸರು ಬರಲಿಲ್ಲ. ಮೂರನೆಯ ದಿನ ಅವನ ತಾಯಿ ಆರ್ಲೀನ್ ಲೋರೀನಳಿಗೆ ಫೋನು ಮಾಡಿದಳು. ಜಗಳದ ಸುದ್ದಿ ಆಕೆಗೆ ಗೊತ್ತಿರಲಿಲ್ಲ.

“ಮನೆ ತುಂಬಾ ಜನ ಕಣಮ್ಮಾ. ಕೋಳಿ ಕರಿಯೋಕೆ ಕೈ ಸಾಲ್ತಿಲ್ಲ. ಬಾರೇ.”

ಹೇಗೆ ಇಲ್ಲ ಅನ್ನುವುದು?

ಅಡುಗೆಮನೆಯ ಬಾಗಿಲಿಂದ ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಟಿವಿ ಮುಂದೆ ಕೂತಿದ್ದ. ಫೋನು ಮೊಣಕಾಲ ಮೇಲೆ. ಇದ್ದ ಏಳು ಸುತ್ತಿನಲ್ಲಿ ಐದನೆಯದು ಮುಗಿಯಿತು, ಆರನೆಯದೂ ಮುಗಿಯಿತು. ಬೇರೆಯವರ ಹೆಸರು ಬಂದಾಗಲೆಲ್ಲ ಆ ಬೆನ್ನು ಇಷ್ಟಿಷ್ಟೇ ಬಾಗುತ್ತಿತ್ತು. ‘ದೇವರೇ, ನನ್ನ ಮೇಲಿನ ಕೋಪ ಅವನಿಗೆ ಹಾಗೇ ಇರಲಿ... ಅವನ ಹೆಸರೊಂದು ಕರೆಸು!’

ಆಗ ಚರ್ಚಿನ ಹಿರಿಯ ಪರ್ವಿಸ್ ಕಂಕುಳಲ್ಲಿ ಒಂದು ಚೆಂಡು ಇರಿಸಿಕೊಂಡು ಒಳಗೆ ಬಂದರು.

“ಮಗಾ, ಇದಕ್ಕೊಂದು ಸಹಿ ಹಾಕ್ಬಿಡು. ನಾಳೆ ದೊಡ್ಡೋನಾದ್ಮೇಲೆ ನಮ್ಮ ಫೋನು ಎಲ್ಲಿ ಎತ್ತೀಯ ನೀನು!”

ಚೆಂಡು ಕಂಡದ್ದೇ ಲೋರೀನಳ ಕೈಯ ಇಕ್ಕಳ ನಿಂತಿತು. ಕಾಫಿ ಬಣ್ಣದ ಆ ಮಚ್ಚೆ... ಅವಳದೇ!

ಥೇರಾನ್ ಚೆಂಡು ಹಿಡಿದ. ಸೊಟ್ಟ ಬೆರಳು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಅವನು ಕಲ್ಲಾದ.

“ಇದು... ಎಲ್ಲಿ ಸಿಕ್ತು?”

“ಚರ್ಚಲ್ಲಿ ಮೀನಿನ ಊಟ ಇಟ್ಟಿದ್ವಲ್ಲ, ಆವತ್ತು ಚೀಟಿ ಎತ್ತಿದಾಗ ನಂಗೆ ಬಹುಮಾನ ಬಂತು. ನಿಮ್ಮಮ್ಮಾನೇ ಕೊಟ್ಟಿದ್ದು.”

ಆರ್ಲೀನ್ ಹೆಮ್ಮೆಯಿಂದ ನಕ್ಕಳು. “ಹೂಂ ಮತ್ತೆ! ನಿನ್ನ ಪರೀಕ್ಷೆಯ ಹಿಂದಿನ ದಿನ ಜಗುಲಿ ಮೇಲೆ ಚೀಲ ಇತ್ತು. ತೆಗೆದ್ರೆ ಎಲ್ಲಾ ಸವೆದು ಕಪ್ಪಾದ ಚೆಂಡು! ನನ್ನ ಮಗ ಅಂಥಾ ದೊಡ್ಡೋರ ಮುಂದೆ ಹಳೇದು ಹಿಡ್ಕೊಂಡು ನಿಲ್ಲೋದಾ? ಕೋಚ್ ಕೊಟ್ಟಿದ್ದ ಹೊಸಾವು ಪೆಟ್ಟಿಗೇಲಿದ್ವು. ಒಂದೊಂದೇ ಒರೆಸಿ ಅದೇ ಚೀಲಕ್ಕೆ ತುಂಬಿ, ನಿನ್ನ ಟ್ರಕ್ಕಲ್ಲಿ ಇಟ್ಟೆ.”

ಥೇರಾನ್ ತಿರುಗಿ ನೋಡಿದ. ಐದು ವಾರದ ಮೇಲೆ ಮೊದಲ ಸಲ ಅವರ ಕಣ್ಣು ಕೂಡಿದವು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಅಮ್ಮಾ... ನೀನು...”

‘ಹೇಳಬೇಡ ಥೇರಾನ್! ಈ ಜನರ ಮುಂದೆ ಬೇಡ. ತಾನೇ ಕೆಡಿಸಿದ್ದು ಅಂತ ತಿಳಿದರೆ ಆಕೆ ಉಳಿಯುವುದಿಲ್ಲ!’

“ಮಿಸ್ ಆರ್ಲೀನ್!” ಲೋರೀನ್ ಕೂಗಿದಳು. “ಕೋಳಿ ಸೀದುಹೋಗ್ತಿದೆ, ಬನ್ನಿ!”

“ಅಯ್ಯೋ ನನ್ನ ಕೋಳಿ!” ಎಂದು ಆಕೆ ಒಳಗೋಡಿ ಬಂದಳು. ಬಾಣಲೆಯಲ್ಲಿ ಏನೂ ಸೀದಿರಲಿಲ್ಲ.

ಆರ್ಲೀನ್ ಬದುಕಿದ್ದಷ್ಟು ದಿನ ಆ ಮಾತು ಆ ಮನೆಯಲ್ಲಿ ಏಳಲಿಲ್ಲ. ಎರಡು ವರ್ಷದ ಮೇಲೆ ಮಗ ವೃತ್ತಿ ತಂಡದ ಬಟ್ಟೆ ತೊಟ್ಟು ಅಂಗಳಕ್ಕಿಳಿದ ದಿನವೂ ಆಕೆ ಲೋರೀನಳಿಗೆ ಫೋನು ಮಾಡಿ ಕೇಳಿದ್ದಳು: “ಚೆಂಡು ಹೊಸಾದೇ ಕೊಟ್ಟಿದಾರೆ ತಾನೇ?”

ಆದರೆ ಡ್ರಾಫ್ಟಿನ ಆ ಮೂರನೆಯ ದಿನ ಕೊನೆಯ ಹೆಸರೂ ಕರೆದು ಮುಗಿಯಿತು. ಅವನದಲ್ಲ. ಜನ ಊಟದ ತಟ್ಟೆಗೆ ಹಾಳೆ ಮುಚ್ಚಿ ಕೈಯಲ್ಲಿ ಹಿಡಿದು, ಅವನ ಭುಜ ತಟ್ಟಿ ಹೊರಟರು.

ಅವನು ಜಗುಲಿಯ ಮೇಲೆ, ಅವಳು ಚೀಲ ಇಟ್ಟಿದ್ದ ಜಾಗದಲ್ಲೇ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು. ಬಹಳ ಹೊತ್ತಾದ ಮೇಲೆ ಫೋನು ಬಡಿದುಕೊಂಡಿತು. ಅವನು “ಹೂಂ ಸರ್... ಹೂಂ” ಎಂದಷ್ಟೇ ಅಂದು ಇಟ್ಟ.

“ಒಂದು ವೃತ್ತಿ ತಂಡದವರು. ಮೂರು ದಿನ ಬಂದು ಎಸೆದು ತೋರ್ಸು ಅಂದ್ರು. ಜಾಗ ಕೊಡ್ತೀವಿ ಅಂತೇನಿಲ್ಲ.”

“ಚೆಂಡು?”

“ಅವರದ್ದೇ.” ಅವನು ಅವಳ ಕಡೆ ತಿರುಗಿದ. “ಲೋರೀನ್, ನಿನ್ನ ಕೈ ನನಗೆ ಮೋಸ ಮಾಡ್ತು ಅಂದ್ಕೊಂಡ್ನಲ್ಲೇ ನಾನು...”

“ನಾನೂ ಬಂದು ಕೇಳ್ಲಿಲ್ಲವಲ್ಲ.”

ಅವಳು ಅವನ ಸೊಟ್ಟ ಬೆರಳನ್ನು ಅಂಗೈಯೊಳಗೆ ತೆಗೆದುಕೊಂಡಳು. ಅವಳ ಅಂಗೈಯ ಸುಲಿದ ಚರ್ಮ ಈಗ ಗಟ್ಟಿಯಾಗಿತ್ತು.

“ಈ ಸಲ ಕೇಳ್ತಿದೀನಿ, ಹೇಳ್ತಿಲ್ಲ,” ಅವನೆಂದ. “ ಕೈಯಲ್ಲಿ ಏನೂ ಇಲ್ದೆ ಕೇಳ್ತಿದೀನಿ. ನೀನಂದ್ರೆ ನಂಗೆ ಪ್ರಾಣ... ಬರ್ತೀಯಾ?”

“ಬರ್ತೀನಿ.”

ಅವನು ಅವಳ ಭುಜಕ್ಕೆ ಹಣೆಯಿಟ್ಟು ಅತ್ತ. ಒಳಗೆ ಪಾತ್ರೆಗಳ ಸದ್ದು.

“ಅಮ್ಮನಿಗೆ ಯಾವತ್ತೂ ಗೊತ್ತಾಗ್ಬಾರ್ದು,” ಎಂದ ಪಿಸುದನಿಯಲ್ಲಿ.

“ಏನು ಗೊತ್ತಾಗ್ಬಾರ್ದು? ಕೋಳಿ ಸೀಯ್ಲಿಲ್ಲ ಅಂತಾನಾ?”