ಬೆನ್ನಿನ ಹೊಲಿಗೆ

"ಸಿಸ್ಟರ್, ನನ್ನ ಕಾಲು ಎಲ್ಲಿ?"

ಬೆಳಿಗ್ಗೆ ಕೋಣೆಗೆ ಬಂದ ನರ್ಸ್ ಹಾಸಿಗೆಯತ್ತ ಓಡಿದಳು. ಬೆನ್ನುಮೂಳೆಯ ಆಪರೇಷನ್ ಆಗಿ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದ ಬಡಗಿ ಹಾಸಿಗೆಯಲ್ಲಿ ಓರೆಯಾಗಿ ಬಿದ್ದಿದ್ದ. ಸೊಂಟದ ಬೆಲ್ಟ್ ಕಳಚಿತ್ತು. ಎರಡೂ ಕಾಲು ಮರಗಟ್ಟಿದ್ದವು.

ಮಧ್ಯಾಹ್ನದ ಹೊತ್ತಿಗೆ ಬಡಗಿ ಆಸ್ಪತ್ರೆಯಲ್ಲಿದ್ದ, ನರ್ಸ್ ಠಾಣೆಯ ಬೆಂಚಿನ ಮೇಲಿದ್ದಳು. ದೂರು ಕೊಟ್ಟವನು ಬಡಗಿಯ ತಮ್ಮ.

"ಕಣ್ಣಾರೆ ನೋಡಿದೀನಿ ಮೇಡಂ," ಎಂದ ಅವನು, ಇನ್‌ಸ್ಪೆಕ್ಟರಮ್ಮನ ಕೋಣೆಯಲ್ಲಿ. "ನಿನ್ನೆ ಅಣ್ಣನ್ನ ಬೋರಲು ಹಾಕಿ ಬೆನ್ನು ಒತ್ತುತಿದ್ಲು. ಹೊಲಿಗೆಯಿಂದ ರಕ್ತ ಬಂತು."

ಇನ್‌ಸ್ಪೆಕ್ಟರಮ್ಮ ಹೊರಗೆ ಬಂದು ನರ್ಸನ್ನು ಗದರಿದಳು. "ಬೆನ್ನು ಒತ್ತಿದ್ಯಾ?"

"ಇಲ್ಲ ಮೇಡಂ. ಕಾಲಿಗೆ ವ್ಯಾಯಾಮ ಮಾಡಿಸ್ದೆ, ಅಷ್ಟೆ."

ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುವುದು. ಇನ್‌ಸ್ಪೆಕ್ಟರಮ್ಮ ನಂಬಲಿಲ್ಲ.

* * *

ಆಸ್ಪತ್ರೆಗೆ ಬಂದ ಇನ್‌ಸ್ಪೆಕ್ಟರಮ್ಮನನ್ನು ಕಂಡು ಬಡಗಿ ಗೋಡೆಯತ್ತ ಮುಖ ಮಾಡಿದ. "ನಂಗೇನೂ ನೆನಪಿಲ್ಲ."

"ಜೋಡಿಸಿದ ಮೂಳೆ ಜಾರಿದೆ," ಎಂದರು ಸರ್ಜನ್. "ಅದು ಕೂಡಿಕೊಳ್ಳೋಕೆ ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೆ ಸೊಂಟ ತಿರುಚಬಾರದು. ಕಂಕುಳಲ್ಲಿ ಬೆರಳಿನ ಗುರುತಿದೆ. ಯಾರೋ ಎಳೆದಾಡಿದಾರೆ."

"ನಿಮ್ಮ ಹೊಲಿಗೆಯೇ ಬಿಟ್ಟಿದ್ರೆ?" ಎಂದಳು ಇನ್‌ಸ್ಪೆಕ್ಟರಮ್ಮ.

ಸರ್ಜನ್ ನಕ್ಕು ಬಡಗಿಯ ಅಂಗಿ ಮೇಲೆತ್ತಿದರು. ಗಾಯ ಹೊಟ್ಟೆಯ ಮೇಲಿತ್ತು! ಚೆನ್ನಾಗಿ ಒಣಗಿತ್ತು.

"ಬೆನ್ನಿನ ಸ್ನಾಯು ಕೆಡಿಸಬಾರದು ಅಂತ ಮುಂದಿನಿಂದ ಹೋದ್ವಿ."

ಬೆನ್ನಿನಲ್ಲಿ ಒಂದು ಗೀರೂ ಇರಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ನಾಚಿಕೆಯಾಯಿತು. ಬೆಂಚಿನ ಮೇಲೆ ಕೂರಿಸಿದವಳಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ.

* * *

ತಮ್ಮ ಬಾಗಿಲ ಹೊರಗೇ ನಿಂತಿದ್ದ.

"ಬೆನ್ನಲ್ಲಿ ಹೊಲಿಗೆಯೇ ಇಲ್ಲ. ರಕ್ತ ಎಲ್ಲಿಂದ ಬಂತಪ್ಪಾ?" ಎಂದಳು ಇನ್‌ಸ್ಪೆಕ್ಟರಮ್ಮ. "ಒಂದೇ ಮನೇಲಿದ್ದು ಅಣ್ಣನ ಗಾಯ ಒಂದ್ಸಲವೂ ನೋಡಿಲ್ಲ ನೀನು. ನರ್ಸ್ ಆಗಿದ್ರೆ ಎಳೆದಾಡ್ತಿರ್ಲಿಲ್ಲ, ಎತ್ತೋ ಕ್ರಮ ಅವಳಿಗೆ ಗೊತ್ತು. ಮನೇಲಿ ಇನ್ನೊಬ್ಬ ಯಾರಿದ್ದ?"

ಅವನು ಬಾಗಿಲ ಸಂದಿಯಿಂದ ಅಣ್ಣನತ್ತ ನೋಡಿದ. "ಗಾಯ ನೋಡೋ ಧೈರ್ಯ ಇರ್ಲಿಲ್ಲ ಮೇಡಂ. ಬೆಳಗಿನ ಜಾವ ಅಣ್ಣ ಬಚ್ಚಲಲ್ಲಿ ಬಿದ್ದಿದ್ದ. ಕಂಕುಳಿಗೆ ಕೈ ಹಾಕಿ ಎಳ್ಕೊಂಡು ಬಂದೆ. ಸೊಂಟ ಲಟಕ್ ಅಂತು. ನನ್ನ ಕೈಯಾರೆ ಹಾಳ್ಮಾಡ್ಬಿಟ್ಟೆ."

"ಎತ್ತಿದ್ದು ಗಾಬರಿಯಲ್ಲಿ. ಅವಳ ತಲೆಗೆ ಕಟ್ಟಿದ್ಯಲ್ಲ, ಅದು ಅಪರಾಧ."

ಬಿಡುಗಡೆಯಾದ ನರ್ಸ್ ನೆಟ್ಟಗೆ ಬಡಗಿಯ ಹತ್ತಿರ ಬಂದು ಕಾಲ್ಬೆರಳು ಚಿವುಟಿದಳು. "ಗೊತ್ತಾಗುತ್ತಾ?"

"ಇಲ್ಲ." ಅವನ ಕಣ್ಣು ತುಂಬಿತು. "ಸಿಸ್ಟರ್, ನಂಗೆಲ್ಲ ನೆನಪಿತ್ತು. ತಮ್ಮ ಜೈಲಿಗೆ ಹೋಗ್ತಾನಲ್ಲ ಅಂತ ಬಾಯಿ ಬಿಡಲಿಲ್ಲ."

ಅವಳು ಅವನ ಪಾದವನ್ನು ಮೆಲ್ಲಗೆ ದಿಂಬಿನ ಮೇಲಿಟ್ಟಳು.

"ನಾನು ಹೋಗಿದ್ರೆ ಪರವಾಗಿರ್ಲಿಲ್ವಾ?"