ಹೆಚ್ಚಿಗೆ ಬಂದ ಹಕಾರ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗೋವಿಂದಯ್ಯ ಪ್ರೆಸ್ಸಿನ ಬಾಗಿಲು ತೆಗೆದ. ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಹಿಂದಿನ ಕಿಟಕಿಯ ಎರಡು ಸರಳು ಕಿತ್ತು ಬಂದಿದ್ದವು.

ಅದು ಕವಿ ಮಾದಸ್ವಾಮಿಯವರ ಪೆಟ್ಟಿಗೆ. ಕಾಮಗೆರೆಯ ಮೇಷ್ಟರು. ತೀರಿಕೊಂಡು ಒಂದು ವರ್ಷವಾಗಿತ್ತು. ಬರುವ ನವೆಂಬರ್ ಒಂದಕ್ಕೆ, ಅಂದರೆ ೧೯೬೬ರ ನವೆಂಬರಿಗೆ, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ತುಂಬುತ್ತಿತ್ತು. ಆ ದಿನ ಮೇಷ್ಟರ ಪದ್ಯ, ಪತ್ರಗಳ ಪುಸ್ತಕ ಹೊರಬರಬೇಕು. ಅದರ ಅಚ್ಚಿನ ಮೊಳೆ ಜೋಡಿಸುವ ಕೆಲಸ ಗೋವಿಂದಯ್ಯನದು. ಇಪ್ಪತ್ತೆರಡು ವರ್ಷದಿಂದ ಲಗ್ನಪತ್ರಿಕೆ, ಹರಾಜಿನ ನೋಟೀಸು ಜೋಡಿಸಿ ಸವೆದ ಕೈಗೆ ಕೊನೆಗೂ ಒಂದು ಪುಸ್ತಕ ಸಿಕ್ಕಿತ್ತು. ಮೇಷ್ಟರ ಹೆಂಡತಿ ದೊಡ್ಡಮಾದಮ್ಮ ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಅವನ ಕೈಗೇ ಕೊಟ್ಟಿದ್ದಳು.

ಪೆಟ್ಟಿಗೆಯಲ್ಲಿ ಮೂರು ಕಟ್ಟು ಇದ್ದವು. ಪದ್ಯಗಳ ಹಸ್ತಪ್ರತಿ ಒಂದು. ಪತ್ರಿಕೆಗಳಿಂದ ಕತ್ತರಿಸಿಟ್ಟ ಚೂರುಗಳು ಇನ್ನೊಂದು. ಮೇಷ್ಟರು ಸರ್ಕಾರಕ್ಕೆ ಬರೆದ, ಸರ್ಕಾರ ಅವರಿಗೆ ಬರೆದ ಕಾಗದಗಳದ್ದು ಮೂರನೆಯದು. ಈಗ ಎರಡೇ ಇವೆ. ಸರ್ಕಾರಿ ಕಟ್ಟು ಹೋಗಿದೆ.

ಸಬ್ ಇನ್ಸ್‌ಪೆಕ್ಟರ್ ಬಿಳಿಗಿರಿ ಬಂದು ಸುತ್ತ ನೋಡಿದರು. ಯಳಂದೂರಿನ ಕಡೆಯವರು, ಮಾತು ಕಡಿಮೆ.

"ಸೀಸದ ಮೊಳೆ ಓಗದೆಯಾ?"

"ಒಂದೂ ಇಲ್ಲ ಸಾ. ಎಲ್ಲ ಅಂಗೇ ಅದೆ."

"ಸೀಸ ಬಿಟ್ಟು ಕಾಗದ ತಕಂಡೋಗೋ ಕಳ್ಳನ್ನ ನಾನು ನೋಡಿಲ್ಲ ಕಣ್ರಿ. ಏನಿತ್ತು ಅದರಲ್ಲಿ?"

ಗೋವಿಂದಯ್ಯ ಹೇಳಿದ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲ. ೧೯೫೪ರಲ್ಲಿ ಗಡಿ ನೋಡಲು ಆಯೋಗ ಬಂತು. ನಮ್ಮನ್ನು ಕನ್ನಡದ ಕಡೆಗೆ ಸೇರಿಸಿ ಎಂದು ತಾಲ್ಲೂಕಿನ ಜನ ಒಂದು ಮನವಿ ಕೊಟ್ಟರು. ಅರ್ಜಿ ಅಲ್ಲ, ಪದ್ಯ. ಕೆಳಗೆ ಸಾವಿರಾರು ಹೆಬ್ಬೆಟ್ಟು. 'ಹೊಳೆಗೆ ಗೊತ್ತಿಲ್ಲ ಜಿಲ್ಲೆಯ ಗೆರೆ, ನಾಲಗೆಗೇಕೆ ಬೇಲಿಯ ಹೊರೆ' ಎಂಬ ಸಾಲು ಇವತ್ತಿಗೂ ಶಾಲೆಯ ಮಕ್ಕಳ ಬಾಯಲ್ಲಿದೆ. ಬರೆದವರು ಬೋರ್ಡ್ ಶಾಲೆಯ ಮೇಷ್ಟರಾದ್ದರಿಂದ ಹೆಸರು ಹಾಕಿರಲಿಲ್ಲ. ಆದರೂ ಮೇಲಿನವರಿಗೆ ಅನುಮಾನ ಬಂತು. ಸಮಜಾಯಿಷಿ ಕೇಳಿದರು. ಮೇಷ್ಟರು ಒಂದೇ ಸಾಲಿನ ಉತ್ತರ ಕೊಟ್ಟರು: 'ಈ ಪದ್ಯ ನನ್ನದೇ, ಬರೆದುದಕ್ಕೆ ವಿಷಾದವಿಲ್ಲ.' ಮರುವಾರವೇ ಹನೂರಿನಾಚೆಯ ಬೆಟ್ಟದೂರಿಗೆ ವರ್ಗ.

"ಆ ಉತ್ತರದ ನಕಲು, ಪದ್ಯದ ಮೊದಲ ಪ್ರತಿ, ಎರಡೂ ಆ ಕಟ್ಟಲ್ಲಿದ್ವು ಸಾ. ಅವು ಇಲ್ದೆ ಇದ್ರೆ ಪದ್ಯಕ್ಕೆ ಅಪ್ಪ ಇಲ್ಲ."

ಅಷ್ಟರಲ್ಲಿ ಉತ್ಸವ ಸಮಿತಿಯ ಅಧ್ಯಕ್ಷ ಶಿವರುದ್ರಸ್ವಾಮಿಯವರು ಬಂದರು. ನಿವೃತ್ತ ನಕಲು ಗುಮಾಸ್ತರು. ಇಸ್ತ್ರಿ ಮಾಡಿದ ಜುಬ್ಬ, ಹೆಗಲ ಮೇಲೆ ಜರಿ ಶಲ್ಯ. ಊರಿನ ಯಾವ ಸಭೆಯೂ ಅವರ ಭಾಷಣವಿಲ್ಲದೆ ಮುಗಿದದ್ದಿಲ್ಲ.

"ಎಂಥ ಹನ್ಯಾಯ ರೀ ಇದು," ಎಂದು ಅವರು ಹಣೆ ಒತ್ತಿಕೊಂಡರು. "ಆ ಕಾಗದಗಳು ಊರಿನ ಹಾಸ್ತಿ. ಹೋದ ವಾರ ತಾನೇ ನಾನೇ ಕೂತು ನೋಡಿದ್ದೆ."

ಅವರದು ವೇದಿಕೆಯ ಮಾತು. ಊರಿನವರಂತೆ ಅಕ್ಷರ ನುಂಗಿ ಮಾತಾಡುವುದೆಂದರೆ ಅವರಿಗಾಗದು. ಆ ಠೀವಿಯನ್ನು ಕೇಳಿ ಕೇಳಿ ಕೊಳ್ಳೇಗಾಲದ ಕಿವಿ ಒಗ್ಗಿಹೋಗಿತ್ತು.

* * *

ಮಧ್ಯಾಹ್ನದ ಹೊತ್ತಿಗೆ ಬಿಳಿಗಿರಿಯವರು ಒಬ್ಬನನ್ನು ಹಿಡಿದು ತಂದರು. ಮೇಷ್ಟರ ತಮ್ಮ ದೊಡ್ಡಸಿದ್ದಯ್ಯ. ಪೆಟ್ಟಿಗೆ ಮನೆ ಬಿಟ್ಟು ಹೋಗಬಾರದು ಎಂದು ಅತ್ತಿಗೆಯೊಂದಿಗೆ ಜಗಳವಾಡಿದವನು. ಭಾನುವಾರ ಪ್ರೆಸ್ಸಿನ ಸುತ್ತ ಸುಳಿದಾಡಿದ್ದನ್ನು ಎದುರಿನ ಹೋಟೆಲಿನವರು ಕಂಡಿದ್ದರು.

"ಯಾಕ್ಲಾ ಬಂದಿದ್ದೆ?"

"ಅಣ್ಣನ್ ಪೆಟ್ಗೆ ಬದ್ರವಾಗದಾ ಅಂತ ನೋಡಕೆ ಬಂದೆ ಸಾ. ಬೀಗ ಆಕಿತ್ತು. ವಾಪಸ್ ಓದೆ."

"ಕಿಟಕಿ?"

"ಕಿಟ್ಕಿ ನಂಗೊತ್ತಿಲ್ಲ ಸಾ."

ಬಿಳಿಗಿರಿಯವರು ಲಾಠಿಯನ್ನು ಮೇಜಿನ ಮೇಲಿಟ್ಟರು. ಗೋವಿಂದಯ್ಯ ಮೆಲ್ಲಗೆ ಉಳಿದ ಎರಡು ಕಟ್ಟುಗಳನ್ನು ತಂದು ದೊಡ್ಡಸಿದ್ದಯ್ಯನ ಮುಂದಿಟ್ಟ.

"ಇದ್ರಲ್ಲಿ ಪದ್ಯದ ಕಟ್ಟು ಯಾವುದಪ್ಪ?"

ಅವನು ಎರಡನ್ನೂ ತಿರುಗಿಸಿ ನೋಡಿದ. ಮುಖ ಕೆಂಪಾಯಿತು. "ನಂಗೆ ಅಕ್ಸರ ಬರದಿಲ್ಲ ಕಣ್ರಿ. ಅಣ್ಣ ಊರಿಗೆಲ್ಲ ಕಲ್ಸುದ್ರು, ನಾನು ಅಸ ಮೇಯಿಸ್ಕಂಡು ಉಳ್ಕಂಡೆ."

"ಸಾ," ಎಂದ ಗೋವಿಂದಯ್ಯ, "ಮೂರು ಕಟ್ಟಿಗೂ ಒಂದೇ ಕಂದು ಹೊದಿಕೆ, ಒಂದೇ ಬಿಳಿ ದಾರ, ಮೇಲೆ ಬರ್ದಿರೋದಷ್ಟೇ ಬ್ಯಾರೆ. ಬಂದೋನು ಓದಿ, ಆರಿಸಿ ತಕಂಡೋಗವ್ನೆ. ಇವನಾಗಿದ್ರೆ ಪೆಟ್ಟಿಗೇನೇ ಒತ್ಕಂಡೋಗ್ತಿದ್ದ."

ಬಿಳಿಗಿರಿಯವರು ಲಾಠಿಯನ್ನು ಮೇಜಿನಿಂದ ತೆಗೆದು, ದೊಡ್ಡಸಿದ್ದಯ್ಯನಿಗೆ ಟೀ ತರಿಸಿ ಕಳಿಸಿದರು.

* * *

ಬುಧವಾರ ಸಮಿತಿ ಸೇರಿತು. ಶಿವರುದ್ರಸ್ವಾಮಿಯವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಹೇಳಲು ಸಂಕೋಚವಾಗುತ್ತದೆ ಎಂದರು. ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ಕಾಗದ ಎಂದರು. ಜೇಬಿನಿಂದ ಮಾಸಲು ಹಾಳೆಯೊಂದನ್ನು ತೆಗೆದು ತಾವೇ ಗಟ್ಟಿಯಾಗಿ ಓದಿದರು. ಮೇಷ್ಟರು ಶಿವರುದ್ರಸ್ವಾಮಿಯವರಿಗೆ ಬರೆದ ಸ್ನೇಹದ ಪತ್ರ ಅದು. 'ಮನವಿ ಪದ್ಯ ರಚಿಸಿದ್ದು ತಾವೇ, ನಾನು ಅಂದವಾಗಿ ನಕಲು ಮಾಡಿದೆ ಅಷ್ಟೇ, ಅದರ ಕೀರ್ತಿ ತಮ್ಮದು' ಎಂದು ಅದರಲ್ಲಿತ್ತು.

ಸಭೆ ಗುಸುಗುಟ್ಟಿತು. ಅಕ್ಷರವೇನೋ ಮೇಷ್ಟರದ್ದೇ. ಹೆಡ್‌ಮಾಸ್ತರರೊಬ್ಬರು ದೂರದಿಂದಲೇ ನೋಡಿ ತಲೆಯಾಡಿಸಿದರು.

"ಸ್ವಾಮಿ, ಮೇಷ್ಟರು ನಾನೇ ಬರೆದೆ ಅಂತ ಸರ್ಕಾರಕ್ಕೆ ಉತ್ತರ ಕೊಟ್ಟಿದ್ರು. ನಾನೇ ಓದಿದ್ದೀನಿ," ಎಂದ ಗೋವಿಂದಯ್ಯ.

"ಹಾಗಲಿ, ತೋರಿಸಿ ನೋಡೋಣ."

ತೋರಿಸಲು ಏನಿದೆ? ಪದ್ಯ ಅಧ್ಯಕ್ಷರ ಹೆಸರಿನಲ್ಲಿ ಅಚ್ಚಾಗಲಿ, ಈ ಪತ್ರವೂ ಪುಸ್ತಕದಲ್ಲಿ ಸೇರಲಿ ಎಂದು ತೀರ್ಮಾನವಾಯಿತು. ಕಾಮಗೆರೆ ಶಾಲೆಯ ಗೋಡೆಗೆ ಹಾಕುವ ಕಲ್ಲಿನಲ್ಲೂ ಅವರದೇ ಹೆಸರು. ಹೆಂಡತಿ ಮಕ್ಕಳನ್ನು ಬಿಟ್ಟು ಬೆಟ್ಟ ಹತ್ತಿದ ಮೇಷ್ಟರು ಬರೀ ನಕಲುಗಾರರಾದರು. ಗೋವಿಂದಯ್ಯ ಅಚ್ಚಿಗೆ ಕೊಟ್ಟ ಪತ್ರವನ್ನು ಮಡಿಸಿಕೊಂಡು ಹೊರಗೆ ಬಂದ.

* * *

ಮರುದಿನ ಬೆಳಿಗ್ಗೆ ಅವನು ಆ ಪತ್ರವನ್ನು ಎದುರಿಗೆ ಒರಗಿಸಿಕೊಂಡು ಮೊಳೆ ಜೋಡಿಸಲು ನಿಂತ. ಓದುವವರು ಪದ ನೋಡುತ್ತಾರೆ. ಮೊಳೆ ಜೋಡಿಸುವವನು ಒಂದೊಂದೇ ಅಕ್ಷರ ಆರಿಸಬೇಕು. ಅವನ ಕೈ ತಾನಾಗಿ ಮೊಳೆ ತುಂಬಿದ ಕೇಸಿನ ಮನೆಗಳಿಗೆ ಹೋಗಿ ಬರುತ್ತಿತ್ತು. 'ತಾವು ಕೊಟ್ಟ' ಆಯಿತು. ಮುಂದಿನ ಪದಕ್ಕೆ ಕೈ ಉಕಾರದ ಮನೆಗೆ ಹೋಯಿತು. ಅಲ್ಲೇ ತಡೆಯಿತು.

ಕಾಗದದಲ್ಲಿ 'ಹುಡುಗೊರೆ' ಎಂದಿತ್ತು.

ಅವನು ಕನ್ನಡಕ ಒರೆಸಿಕೊಂಡು ಮುಂದೆ ನೋಡಿದ. 'ತಾವು ತೋರಿದ ಹಾದರವನ್ನು ನಾನು ಎಂದಿಗೂ ಮರೆಯಲಾರೆ.'

ಗೋವಿಂದಯ್ಯ ಸ್ಟೂಲಿನ ಮೇಲೆ ಕೂತ. ಸಭೆಯಲ್ಲಿ ಇದನ್ನು ಅಧ್ಯಕ್ಷರೇ ಓದಿದ್ದರು, ಯಾರಿಗೂ ಏನೂ ಅನ್ನಿಸಿರಲಿಲ್ಲ. ಎಷ್ಟೋ ಸಭೆಗಳಲ್ಲಿ ಅವರು ಮಂತ್ರಿಗಳನ್ನು ಹಾದರದಿಂದ ಬರಮಾಡಿಕೊಂಡಿದ್ದರು. ಆದರೆ ಕಾಪಿ ಪುಸ್ತಕದಲ್ಲಿ ಒಂದು ಕೊಂಬು ತಪ್ಪಿದರೆ ಇಡೀ ಪುಟ ಮತ್ತೆ ಬರೆಸುತ್ತಿದ್ದ ಮೇಷ್ಟರು ಆದರವನ್ನು ಹಾದರ ಎಂದು ಬರೆದಾರೆಯೇ? ಅವನು ಅಂಗಿ ಹಾಕಿಕೊಂಡು ಕಾಮಗೆರೆಯ ಮೇಲೆ ಹೋಗುವ ಹನೂರಿನ ಬಸ್ಸು ಹತ್ತಿದ.

* * *

ಕಾಮಗೆರೆಯಲ್ಲಿ ದೊಡ್ಡಮಾದಮ್ಮ ಹುರುಳಿ ಕೇರುತ್ತಿದ್ದಳು. ಗೋವಿಂದಯ್ಯನ ಮಾತನ್ನೆಲ್ಲ ಕೇಳಿದಳು. ಮೊರ ಕೆಳಗಿಟ್ಟಳು.

"ಅಮ್ಮ, ಮೇಷ್ಟರು ನಿಮಗೆ ಬರೆದ ಕಾಗದ ಅವೆಯಾ?"

"ಅವೆ. ಅವು ನನ್ನವು. ಪುಸ್ತಕಕ್ಕೆ ಕೊಡಾಕಿಲ್ಲ ಅಂತ ಆವತ್ತೇ ಏಳಿದ್ದೆ."

"ಪುಸ್ತಕಕ್ಕೆ ಬ್ಯಾಡ. ಅವರ ಎಸ್ರು ಉಳೀಬೇಕು, ಅದಕ್ಕೆ."

ಅವಳು ಒಳಗೆ ಹೋಗಿ ಅಂಚೆ ಕಾರ್ಡುಗಳ ಒಂದು ಕಂತೆ ತಂದಳು. ಅವಳಿಗೆ ಅಕ್ಷರ ಕಲಿಸಿದವರೇ ಗಂಡ. ತಾನೇ ಆರಿಸಿ, ಬೆರಳಿಟ್ಟು ಓದಿದಳು.

'ಮಾದಿ, ಅಳ್ಳ ತುಂಬಿ ದಾರಿ ಕಟ್ಟದೆ. ಈ ತಿಂಗ್ಳು ಪೂರ್ತಿ ಊರಿಗೆ ಬರಕ್ಕಾಗಲ್ಲ. ಅಸು ಆಲು ಕೊಡ್ತದಾ? ಪದ ಬರ್ದೋರು ಯಾರು ಅಂತ ಕೇಳಿದ್ರಲ್ಲ, ನಾನೇ ಅಂತ ಬರ್ಕೊಟ್ಟಿದ್ಕೆ ಇಲ್ಲೀಗಂಟ ಕಳಿಸವ್ರೆ. ನೀನು ಎದರ್ಕಬ್ಯಾಡ. ತಲೆ ಎತ್ಕಂಡು ಓಡಾಡು.'

ಗೋವಿಂದಯ್ಯ ಕಾರ್ಡು ತಿರುಗಿಸಿ ನೋಡಿದ. ಹನೂರಿನ ಅಂಚೆ ಮುದ್ರೆ, ೧೧ ಆಗಸ್ಟ್ ೧೯೫೪. ಅಧ್ಯಕ್ಷರ ಪತ್ರದ ತಲೆಯಲ್ಲಿ 'ಕಾಮಗೆರೆ, ೧೨ ಆಗಸ್ಟ್ ೧೯೫೪' ಎಂದಿತ್ತು.

"ಎಲ್ಲಾ ಕಾಗದಾನೂ ಇಂಗೇ ನಮ್ಮ ಮಾತಲ್ಲೇ ಬರೀತಿದ್ರಾ?"

"ಸರ್ಕಾರಕ್ಕೆ ಸರ್ಕಾರದ್ ಮಾತು. ಮನೆಗೆ, ಸ್ನೇಯ್ತರಿಗೆ ನಮ್ ಮಾತು. ನಾಚ್ಕೆ ಯಾಕೆ, ಈ ಮಾತಿಗೇ ಅಲ್ವಾ ನಾನು ಬೆಟ್ಟ ಅತ್ತಿದ್ದು ಅಂತಿದ್ರು ನಮ್ಮೋರು." ದೊಡ್ಡಮಾದಮ್ಮ ಕಾರ್ಡನ್ನು ಅವನ ಕೈಗಿತ್ತಳು. "ಈಗ ತಕಂಡೋಗಿ. ಆದ್ರೆ ನಾನೂ ಬತ್ತೀನಿ."

* * *

ಶುಕ್ರವಾರ ಹತ್ತು ಗಂಟೆಗೆ ಶಿವರುದ್ರಸ್ವಾಮಿಯವರು ಪ್ರೂಫ್ ನೋಡಲು ಬಂದರು. ಒಳಕೋಣೆಯ ಬಾಗಿಲ ಮರೆಯಲ್ಲಿ ಬಿಳಿಗಿರಿಯವರೂ ದೊಡ್ಡಮಾದಮ್ಮನೂ ಕೂತಿದ್ದರು. ಗೋವಿಂದಯ್ಯ ಹಸಿ ಪ್ರೂಫನ್ನು ಮೇಜಿನ ಮೇಲಿಟ್ಟು ಕೆಂಪು ಪೆನ್ಸಿಲ್ ಕೊಟ್ಟ. ಮೂಲಪತ್ರವೂ ಕಳುವಾಗಬಾರದೆಂದು ಸಬ್ ಇನ್ಸ್‌ಪೆಕ್ಟರರ ಹತ್ತಿರ ಇಟ್ಟಿದ್ದೇನೆ ಎಂದ. ಪತ್ರದ ಕೆಳಗೆ ಸಮಿತಿಯ ಪರವಾಗಿ ತಾನೇ ಎರಡು ಸಾಲು ಸೇರಿಸಿದ್ದೇನೆ, ತಿದ್ದಿಕೊಡಬೇಕು ಎಂದು ಕೈಮುಗಿದ.

ಅಧ್ಯಕ್ಷರು ತಿದ್ದಿದರು. ಖುಷಿಯಾಗಿ, ತಪ್ಪು ಹಿಡಿದ ಠೀವಿಯಲ್ಲಿ.

"ಎಷ್ಟು ತಪ್ಪು ರೀ. ನಿಮ್ಮೂರಿನ ನಾಲಗೆಯನ್ನೇ ಹಚ್ಚಿಗೂ ತಂದಿದ್ದೀರಿ."

ಗೋವಿಂದಯ್ಯ ಪ್ರೂಫ್ ತೆಗೆದುಕೊಂಡು ನೋಡಿದ. ಅವನು 'ಉಡುಗೊರೆ' ಎಂದು ಜೋಡಿಸಿದ್ದ, ಅದು 'ಹುಡುಗೊರೆ' ಆಗಿತ್ತು. 'ಆದರ' 'ಹಾದರ'ವಾಗಿತ್ತು. ಅವನದೇ ಎರಡು ಸಾಲಿನಲ್ಲಿದ್ದ 'ಆಸಕ್ತಿ'ಗೂ ಕೆಂಪು ಹಕಾರ ಬಿದ್ದು 'ಹಾಸಕ್ತಿ'ಯಾಗಿತ್ತು.

"ಬನ್ನಿ ಸಾ," ಎಂದು ಅವನು ಬಾಗಿಲ ಕಡೆ ತಿರುಗಿ ಕರೆದ.

ಬಿಳಿಗಿರಿಯವರು ಬಂದು ಮೂಲಪತ್ರವನ್ನು ಪ್ರೂಫಿನ ಪಕ್ಕಕ್ಕಿಟ್ಟರು. "ಮೇಷ್ಟರು ನಿಮ್ಮ ಹಾದರಾನ ಮರೆಯೋಕೇ ಆಗಲ್ಲ ಅಂದಿದ್ರಾ ಸ್ವಾಮಿ?"

ಶಿವರುದ್ರಸ್ವಾಮಿಯವರ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ಗೊಂದಲ, ಕೊನೆಗೆ ಏನೂ ಇಲ್ಲ.

ಗೋವಿಂದಯ್ಯ ನಿಧಾನವಾಗಿ ಬಿಡಿಸಿ ಹೇಳಿದ. "ನಮ್ಮ ಕಡೆಯೋರು ಹಕಾರ ನುಂಗ್ತೀವಿ. ಹಾಲನ್ನ ಆಲು ಅಂತೀವಿ. ಆದ್ರೆ ಬರೆಯುವಾಗ ಮೇಷ್ಟರು ಹೊಡೆದು ಕಲಿಸಿದ್ದು ನೆನಪಿರುತ್ತೆ. ನಿಮಗೆ ಊರಿನ ಮಾತು ಅಂದ್ರೆ ನಾಚಿಕೆ. ಎಲ್ಲಿ ಹಕಾರ ಬಿಟ್ಟುಹೋಯ್ತೋ ಅನ್ನೋ ಭಯಕ್ಕೆ ಬೇಡದ ಕಡೆಯೂ ಹಾಕ್ತೀರಿ. ಅದು ಮೇಷ್ಟರ ಪತ್ರದಲ್ಲೂ ಇದೆ, ನಿಮ್ಮ ಪೆನ್ಸಿಲಲ್ಲೂ ಇದೆ. ಸ್ನೇಹಿತರಿಗೆ ಬರೆಯೋವಾಗ ಅವರು ಇಂಥ ಪುಸ್ತಕದ ಮಾತೇ ಆಡ್ತಿರಲಿಲ್ಲ. ಅದು ನಿಮಗೆ ಗೊತ್ತಾಗೋಕೆ ದಾರಿಯೇ ಇರಲಿಲ್ಲ. ನೀವು ಕದ್ದದ್ದು ಸರ್ಕಾರಿ ಕಟ್ಟು ಮಾತ್ರ. ಅದರಲ್ಲಿದ್ದ ಖಾಯಂ ವಿಳಾಸ ನೋಡಿ ಕಾಮಗೆರೆ ಅಂತ ಹಾಕಿದ್ರಿ. ಆ ತಿಂಗಳು ಅವರು ಕಾಮಗೆರೆಗೆ ಬಂದೇ ಇಲ್ಲ, ಅಮ್ಮನಿಗೆ ಬರೆದ ಈ ಕಾರ್ಡೇ ಹೇಳುತ್ತೆ."

"ಪ್ರೆಸ್ಸಿಗೆ ಬಂದಮೇಲೆ ಆ ಕಟ್ಟು ಓದಿದ್ದೋರು ಇಬ್ಬರೇ," ಎಂದರು ಬಿಳಿಗಿರಿಯವರು. "ಗೋವಿಂದಯ್ಯ ಮತ್ತೆ ನೀವು. ನಕಲು ಮಾಡೋ ಕೈ ನಿಮ್ಮದು. ಎಲ್ಲಿಟ್ಟಿದ್ದೀರಿ?"

ಅಧ್ಯಕ್ಷರು ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

"ಮನೆಯಲ್ಲಿದೆ. ಬೀರುವಿನಲ್ಲಿ." ಕಡತ ಸುಡುವುದು ಆ ಗುಮಾಸ್ತರ ಕೈಯಲ್ಲಾಗಿರಲಿಲ್ಲ. "ಆ ಮನವಿಯ ಮೂರು ಪ್ರತಿ ಬರೆದುಕೊಟ್ಟವನು ನಾನು. ಹತ್ತು ವರ್ಷ ಸಭೆಗಳಲ್ಲಿ ಓದಿದವನೂ ನಾನು. ಯಾರೋ ಒಮ್ಮೆ ನಿಮ್ಮ ಪದ್ಯ ಚೆನ್ನಾಗಿದೆ ಅಂದರು. ನಾನು ಅಲ್ಲ ಅನ್ನಲಿಲ್ಲ. ಆಮೇಲೆ ಅನ್ನಲಾಗಲಿಲ್ಲ."

ದೊಡ್ಡಮಾದಮ್ಮ ಎದ್ದು ಬಂದು ಅವರೆದುರು ನಿಂತಳು.

"ಚೆಂದಾಗಿ ಓದ್ತಿದ್ರಿ ಸ್ವಾಮಿ. ನಾನೂ ಕೇಳಿವ್ನಿ. ಅಷ್ಟೇ ಸಾಕಾಗಿತ್ತು ನಿಮ್ಗೆ."

ಅವರು ತಲೆ ತಗ್ಗಿಸಿದರು. ಬಿಳಿಗಿರಿಯವರು ಟೋಪಿ ಹಾಕಿಕೊಂಡು ಅವರನ್ನು ಜೀಪಿನ ಕಡೆ ಕರೆದುಕೊಂಡು ಹೋದರು.

* * *

ನವೆಂಬರ್ ಒಂದರಂದು ಕಾಮಗೆರೆ ಶಾಲೆಯ ಮುಂದೆ ಜನ ಕಿಕ್ಕಿರಿದಿದ್ದರು. ಸತ್ತೇಗಾಲದಿಂದ, ಹನೂರಿನಿಂದ, ಹೊನ್ನೂರಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಅಧ್ಯಕ್ಷರ ಕುರ್ಚಿ ಖಾಲಿ. ಸಮಿತಿಯವರು ಪುಸ್ತಕವನ್ನು ದೊಡ್ಡಮಾದಮ್ಮನ ಕೈಗೆ ಕೊಟ್ಟು, ಎರಡು ಮಾತಾಡಿ ತಾಯಿ ಎಂದರು. ಅವಳು ಹಿಂದು ಮುಂದು ನೋಡದೆ ಮೈಕಿನ ಹತ್ತಿರ ಹೋದಳು. ಗೋವಿಂದಯ್ಯ ಮೊದಲ ಸಾಲಿನಲ್ಲಿ, ಮಸಿ ಹೋಗದ ಬೆರಳುಗಳನ್ನು ಮಡಿಸಿಕೊಂಡು ಕೂತಿದ್ದ.

ಅವಳು ಪುಸ್ತಕ ತೆರೆದು, ಮರಳಿ ಸಿಕ್ಕ ಕಟ್ಟಿನಲ್ಲಿದ್ದ ಮೇಲಿನವರ ನೋಟೀಸು ಓದಿದಳು. ಈ ಪದ್ಯ ಬರೆದವರು ಯಾರು ಎಂಬ ಪ್ರಶ್ನೆಯನ್ನೂ ಓದಿದಳು. ಅಲ್ಲಿಗೆ ಪುಸ್ತಕ ಮುಚ್ಚಿದಳು.

ಅವಳ ಕಡೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಪಡಿತರದವನು ಕೇಳಿದರೂ, ಆಸ್ಪತ್ರೆಯಲ್ಲಿ ಕೇಳಿದರೂ ಪಕ್ಕದವರ ಕಡೆ ಕೈ ತೋರಿಸಿದ್ದವಳು ಅವಳು. ಮುಂದೆ ಕೂತ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ದೊಡ್ಡಮಾದಮ್ಮ ಸೆರಗು ಸರಿಮಾಡಿಕೊಂಡು ತಲೆ ಎತ್ತಿದಳು.

"ಇದ್ನ ಬರ್ದೋರು ನನ್ನ ಗಂಡ," ಎಂದಳು. "ಅವ್ರ ಎಸ್ರು ಮಾದಸ್ವಾಮಿ."