ಮೊದಲ ಪಾಳಿಯ ಮೂವತ್ತೆಂಟು ಅಭಿಪ್ರಾಯಗಳು

ಸಾಬಮ್ಮ ನಮ್ಮ ಸೇಡಂ ಆಫೀಸಿಗೆ ನುಗ್ಗಿದ್ದೇ ತಡ, ಮೊಬೈಲನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

“ನೋಡ್ರಿ ಮುಜೀಬಭಾಯಿ! ನನ್ನ ಗಂಡನ ಹೆಸರಿಲೆ ಏನು ಬರದದ ನೋಡ್ರಿ!”

ಊರಿನ ಫೇಸ್‌ಬುಕ್ ಗುಂಪಿನಲ್ಲಿ ಅಂಬಾರಾಯನ ಹೆಸರಿತ್ತು. ‘ಫ್ಯಾಕ್ಟರಿ ಬದಿಯ ರಸ್ತೆ ಮುಚ್ಚಲಿ. ಊರಿಗೆ ಒಳ್ಳೆಯದು.’

ನನಗದು ಹೊಸದಲ್ಲ. ಫೇಸ್‌ಬುಕ್ಕಿನಲ್ಲಿ ಜನ ಆಡುವ ಮಾತು ಓದಿ, ಜನಾಭಿಪ್ರಾಯ ಹೀಗಿದೆ ಎಂದು ರಾಜಕೀಯದವರಿಗೆ ವರದಿ ಕೊಡುವುದೇ ನಮ್ಮ ಕಸುಬು. ಸಿಮೆಂಟ್ ಫ್ಯಾಕ್ಟರಿಯೊಂದು ತನ್ನ ಪಕ್ಕದ ರಸ್ತೆ ಮುಚ್ಚಿಕೊಡಿ ಎಂದು ಕೇಳಿತ್ತು. ‘ಜನ ಹೂಂ ಅಂದರೆ ಮುಚ್ಚೋಣ’ ಎಂದಿದ್ದರು ಪಂಚಾಯ್ತಿ ಅಧ್ಯಕ್ಷರು. ಅರವತ್ತು ಅಭಿಪ್ರಾಯಗಳಲ್ಲಿ ಮೂವತ್ತೆಂಟು ಹೂಂ ಅಂದಿದ್ದವು — ಎಲ್ಲವೂ ಆ ಫ್ಯಾಕ್ಟರಿಯಲ್ಲೇ ದುಡಿಯುವ ಊರಿನ ಕಾರ್ಮಿಕರವೇ. ವರದಿ ಸಂಜೆ ಐದಕ್ಕೆ ಹೋಗಬೇಕು. ಎಷ್ಟು ಚೆಂದ ಬರೆದಿದ್ದೆ!

“ರಸ್ತಾ ಬಂದ್ ಆದ್ರ ನನ್ನ ಮಗಳ ಸಾಲೀನೂ ಬಂದ್ರಿ. ಸುತ್ತು ಹಾಕಿ ಏಳು ಕಿಲೋಮೀಟರ್ ಹ್ಯಾಂಗ ನಡೀಬೇಕು? ಹೆತ್ತಪ್ಪ ಹಿಂಗ ಬರೀತಾನೇನ್ರಿ? ಮೂರು ದಿನದಿಂದ ಕೇಳಿದ್ರೂ, ಬರದೇ ಇಲ್ಲ ಅಂತಾನ!”

ಆಫೀಸಿನ ಒಡತಿ ಕರುಣಾ ಮೇಡಂ ಒಳಗಿನಿಂದ ಬಂದರು. ಬಾಗಿಲಲ್ಲಿ ಮುಖ ಇಳಿಬಿಟ್ಟು ನಿಂತಿದ್ದ ಅಂಬಾರಾಯನನ್ನು ಕರೆದರು.

“ನೀವು ಬರದಿಲ್ಲೇನು?”

“ಮಗಳಾಣಿಗೂ ಇಲ್ರಿ.”

“ಉಳಿದ ಮೂವತ್ತೇಳು ಮಂದಿ?”

“ಅವರೂ ಹಂಗೇ ಅಂತಾರ್ರಿ. ಒಬ್ಬರ ಮಾತು ಒಬ್ಬರು ನಂಬವಲ್ರು.”

“ಕಳ್ಳ ಎಲ್ಲಿಯರ ಕದ್ದೀನಿ ಅಂತಾನ?” ಎಂದೆ ನಾನು. ಮೇಡಂ ದುರುಗುಟ್ಟಿದರು.

“ಎಲ್ಲರೂ ಯಾವ ಪಾಳಿ?”

“ಫಸ್ಟ್ ಶಿಫ್ಟ್ರಿ. ಆರರಿಂದ ಎರಡು. ಈಗ ಅಲ್ಲಿಂದೇ ಬಂದೀನಿ.”

“ಮುಜೀಬ, ಇವು ಎಷ್ಟೊತ್ತಿಗಿ ಬಂದಾವ ನೋಡಿದಿ?”

ತಲೆ ಎಣಿಸಿದ್ದೆ, ಹೊತ್ತು ಯಾರು ನೋಡುತ್ತಾರೆ? ಈಗ ನೋಡಿದೆ. ಹನ್ನೆರಡು ದಿನಗಳಲ್ಲಿ ಬಂದ ಮೂವತ್ತೆಂಟೂ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರೊಳಗೆ!

“ಆ ಹೊತ್ತಿನಾಗ ನಿಮ್ಮ ಫೋನ್ ಎಲ್ಲಿರ್ತದ?”

“ಒಳಗ ಬಿಡಂಗಿಲ್ರಿ. ಗೇಟಿನ ವಾಚ್‌ಮನ್ ಖೋಲ್ಯಾಗ ಇಟ್ಟು ಹೋಗ್ತೀವಿ.”

“ಲಾಕ್ ಹಾಕಿರಂಗಿಲ್ಲೇನು?”

“ಲಾಕಿನ ನಂಬರ್ ಗೇಟಿನವರಿಗಿ ಹೇಳಿರ್ತೀವ್ರಿ. ಮನ್ಯಾಗ ಆರಾಮಿಲ್ಲಂತ ಮೆಸೇಜ್ ಬಂದ್ರ, ಅವರೇ ನೋಡಿ ಒಳಗ ಹೇಳ್ತಾರ.”

ಯಾ ಅಲ್ಲಾ! ಮೇಡಂ ಮಾತ್ರ ಕೇಳುತ್ತಲೇ ಇದ್ದರು.

“ಗೇಟಿನವರು ಅಂದ್ರ ಯಾರು?”

“ಖಂಡಪ್ಪ. ಗುರುವಾರ ಅವನಿಗಿ ಸೂಟಿ. ಅವತ್ತು ಶೌಕತ ಅಲಿ ಕೂಡ್ತಾನ.”

ಮೇಡಂ ನನ್ನ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡರು. ಒಮ್ಮೆ ನಕ್ಕರು. “ನಡೀರಿ, ಗೇಟಿಗಿ.”

ಮೂರೂವರೆಗೆ ಖಂಡಪ್ಪನ ಮುಂದಿದ್ದೆವು. ಅವನು ಚಹಾ ಕುಡಿಯುತ್ತಿದ್ದ.

“ನನಗ್ಯಾಕ ಕೇಳ್ತೀರಿ? ಖೋಲ್ಯಾಗ ಶೌಕತನೂ ಕೂಡ್ತಾನ!”

“ಅದಕ್ಕೇ ಬಂದೀನಿ,” ಎಂದರು ಮೇಡಂ. “ಫೋನ್ ಗೇಟಿನ್ಯಾಗ ಇದ್ದಾಗಷ್ಟೇ ಈ ಅಭಿಪ್ರಾಯ ಬಂದಾವ. ಹನ್ನೆರಡು ದಿನದಾಗ ಎರಡು ಗುರುವಾರ. ಫ್ಯಾಕ್ಟರಿ ನಡದದ, ಮಂದಿ ಬಂದಾರ, ಫೋನೂ ಇಲ್ಲೇ ಇದ್ವು. ಒಂದೂ ಅಭಿಪ್ರಾಯ ಇಲ್ಲ. ನೀವು ಸೂಟಿ ಮ್ಯಾಲಿದ್ರ ಮೂವತ್ತೆಂಟು ಮಂದಿಗೂ ಮಾತು ಹೋಗ್ತದೇನು? ಬರದವರು ನೀವೇ, ಖಂಡಪ್ಪ.”

ಖಂಡಪ್ಪ ಲೋಟ ಕೆಳಗಿಟ್ಟ.

“ರಸ್ತಾ ಬಂದ್ ಆದ್ರ ಅಲ್ಲಿ ಹೊಸ ಗೇಟ್ ಆಗ್ತದ್ರಿ. ನನ್ನ ಮಗನಿಗಿ ಅಲ್ಲಿ ನೌಕ್ರಿ ಕೊಡ್ತೀನಂದ್ರು ಫ್ಯಾಕ್ಟರಿ ಗುತ್ತೇದಾರ್ರು…”

ಅಂಬಾರಾಯ ಹೊಡೆಯುತ್ತಾನೆಂದೇ ನಾನು ನಡುವೆ ಹೋಗಿ ನಿಂತೆ. ಅವನು ಕೈ ಎತ್ತಲಿಲ್ಲ.

“ನಮ್ಮವ್ವಗ ಎದಿನೋವು ಬಂದಾಗ ಓಡಿ ಬಂದು ಹೇಳಿದಾವ ನೀನೇ ಅಲ್ಲೋ, ಖಂಡಪ್ಪ? ಅವತ್ತಿನಿಂದ ನನ್ನ ತಮ್ಮಗಿಂತ ಹೆಚ್ಚು ನಂಬಿದ್ದೆ.”

ನಾವು ಆಫೀಸಿಗೆ ಮರಳಿದೆವು.

ಮೂವತ್ತೆಂಟನ್ನೂ ತೆಗೆದು ವರದಿ ಮತ್ತೆ ಬರೆದೆ. ಉಳಿದ ಇಪ್ಪತ್ತೆರಡು ಮಂದಿಯೂ ರಸ್ತೆ ಬೇಕೆಂದವರೇ. ಐದಕ್ಕೆ ಕಳಿಸಿದೆವು, ಆರಕ್ಕೆ ಅಧ್ಯಕ್ಷರ ಫೋನ್ ಬಂತು. ರಸ್ತೆ ಮುಚ್ಚುವುದಿಲ್ಲ.

ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ ಸಾಬಮ್ಮ ಮೂರು ದಿನದ ಮೇಲೆ ಗಂಡನ ಮುಖ ನೋಡಿದಳು.

“ಸಾಲಿ ಬಿಡಬೇಕಾಗ್ತದಂತ ಕೂಸು ಉಣ್ಣವಲ್ದು. ರಸ್ತಾ ಬಂದ್ ಆಗಂಗಿಲ್ಲಂತ ಹೋಗಿ ನೀನೇ ಹೇಳು. ‘ನಿಮ್ಮಪ್ಪ ಬರದಿಲ್ಲ’ ಅಂತ ನಾ ಹೇಳ್ತೀನಿ.”